ಗೊರಿಲ್ಲಾ ಹೋಲಿಕೆ ಎಲ್ಲಿಯವರೆಗೆ ಸರಿ?

ವಿದ್ಯುತ್ ಪ್ರವಾಹದ ಪಾಠವನ್ನು ಆರಂಭಿಸುವಾಗ ನೀವು ಬಹುಶಃ ನೀರಿನ ಹೋಲಿಕೆಯನ್ನೇ ಕೊಡುತ್ತೀರಿ. ಎತ್ತರದಲ್ಲಿರುವ ತೊಟ್ಟಿ, ಅದರಿಂದ ಇಳಿಯುವ ಕೊಳವೆ, ಕೊಳವೆಯ ಅಗಲ. ಇವು ವಿಭವಾಂತರ, ವಾಹಕ ಮತ್ತು ರೋಧಗಳನ್ನು ಮಕ್ಕಳ ಕಣ್ಣಿಗೆ ಕಟ್ಟಿಕೊಡುತ್ತವೆ. ಆಗ ಯಾವನೋ ಚುರುಕಾದ ಹುಡುಗ ಎದ್ದು ನಿಂತು, 'ಹಾಗಾದರೆ ತಂತಿಯನ್ನು ಕತ್ತರಿಸಿದರೆ ವಿದ್ಯುತ್ತು ಕೆಳಗೆ ಸೋರುವುದಿಲ್ಲವೇಕೆ?' ಎಂದು ಕೇಳುತ್ತಾನೆ. ಹೋಲಿಕೆಯ ಗಡಿ ಬಂತು ಎಂಬುದು ನಿಮಗೆ ಆಗ ತಿಳಿಯುತ್ತದೆ. ಹೋಲಿಕೆ ಕೆಟ್ಟದ್ದೇನಲ್ಲ. ಯಾವ ಅಂಶ ಯಾವುದಕ್ಕೆ ಸಾಟಿ, ಎಲ್ಲಿ ಸಾಟಿಯಲ್ಲ ಎಂಬುದನ್ನು ಮೊದಲೇ ಹೇಳಿಕೊಂಡಿರಬೇಕು.

ಕೃತಕ ಬುದ್ಧಿಮತ್ತೆಯ ಚರ್ಚೆಯಲ್ಲಿ ಈಗ ಅಂಥದೊಂದು ಹೋಲಿಕೆ ಬಹಳ ಓಡಾಡುತ್ತಿದೆ. ಮನುಷ್ಯನಿಗಿಂತ ಬುದ್ಧಿವಂತವಾದ ಯಂತ್ರಗಳು ಬಂದರೆ ನಮ್ಮ ಗತಿ ಏನು? 'ನಮ್ಮಿಂದ ಇತರ ಜೀವಿಗಳಿಗೆ ಏನು ಗತಿಯಾಯಿತೋ ನೋಡಿಕೊಳ್ಳಿ' ಎಂಬುದು ಉತ್ತರ. ಸ್ಟೀಫನ್ ಹಾಕಿಂಗ್ ಇರುವೆಗಳನ್ನು ಉದಾಹರಿಸಿದರು. ಜಲವಿದ್ಯುತ್ ಯೋಜನೆ ಕೈಗೊಂಡ ಎಂಜಿನಿಯರನಿಗೆ ಇರುವೆಗಳ ಮೇಲೆ ಹಗೆ ಇರುವುದಿಲ್ಲ, ಆದರೂ ಮುಳುಗಡೆಯ ನೆಲದಲ್ಲಿದ್ದ ಹುತ್ತ ಉಳಿಯುವುದಿಲ್ಲ. ಯಂತ್ರಗಳೆದುರು ನಾವು ಇರುವೆಗಳ ಸ್ಥಾನದಲ್ಲಿ ನಿಲ್ಲಬಾರದು ಎಂಬುದು ಅವರ ಮಾತಿನ ಸಾರ. ಗಣಕ ವಿಜ್ಞಾನಿ ಸ್ಟೂವರ್ಟ್ ರಸೆಲ್ ಗೊರಿಲ್ಲಾವನ್ನು ತಂದರು. 2023ರಿಂದೀಚೆಗೆ ಜೆಫ್ರಿ ಹಿಂಟನ್ ಅವರಂಥ ಹಿರಿಯರೇ ತಮ್ಮ ಕ್ಷೇತ್ರದ ಅಪಾಯಗಳನ್ನು ಕುರಿತು ಎಚ್ಚರಿಸತೊಡಗಿದ ಮೇಲೆ ಈ ಬಗೆಯ ಹೋಲಿಕೆಗಳು ಭಾಷಣಗಳಲ್ಲಿ, ದಿನಪತ್ರಿಕೆಗಳಲ್ಲಿ, ವಿದ್ಯಾರ್ಥಿಗಳ ಚರ್ಚಾಸ್ಪರ್ಧೆಗಳಲ್ಲಿ ಸಲೀಸಾಗಿ ಬರುತ್ತಿವೆ. ಇವುಗಳಲ್ಲಿ ಹೆಚ್ಚು ಹೆಸರಾದದ್ದು ರಸೆಲ್ ಅವರ ಗೊರಿಲ್ಲಾ. ಅದು ಇರುವ ಪುಸ್ತಕವನ್ನು ತೆರೆದು, ಹೋಲಿಕೆಯನ್ನು ಜೀವಶಾಸ್ತ್ರದ ಒರೆಗಲ್ಲಿಗೆ ಹಚ್ಚಿ ನೋಡೋಣ.

2019ರಲ್ಲಿ ಪ್ರಕಟವಾದ ಆ ಪುಸ್ತಕದ ಹೆಸರು 'ಹ್ಯೂಮನ್ ಕಂಪ್ಯಾಟಿಬಲ್'. ರಸೆಲ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ ಪ್ರಾಧ್ಯಾಪಕರು. ಪೀಟರ್ ನಾರ್ವಿಗ್ ಜೊತೆ ಅವರು ಬರೆದ ಕೃತಕ ಬುದ್ಧಿಮತ್ತೆಯ ಪಠ್ಯಪುಸ್ತಕ 1995ರಲ್ಲಿ ಮೊದಲು ಹೊರಬಂತು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಅದನ್ನು ಓದಿದವರು ಸಾಕಷ್ಟು ಮಂದಿ ಇದ್ದಾರೆ. ಹಾಗಾಗಿ ಇದು ಯಂತ್ರಗಳೆಂದರೆ ಬೆದರುವವರ ಪುಸ್ತಕವಲ್ಲ, ಅವುಗಳನ್ನು ಕಟ್ಟಲು ಒಂದು ತಲೆಮಾರಿಗೇ ಕಲಿಸಿದವರ ಪುಸ್ತಕ.

ಹತ್ತು ಅಧ್ಯಾಯಗಳ ಈ ಪುಸ್ತಕದ ಐದನೆಯದರಲ್ಲಿ ಗೊರಿಲ್ಲಾ ಬರುತ್ತದೆ. ಸುಮಾರು ಒಂದು ಕೋಟಿ ವರ್ಷಗಳ ಹಿಂದೆ ಇಂದಿನ ಗೊರಿಲ್ಲಾಗಳ ಪೂರ್ವಜರಿಂದ, ಯಾರ ಉದ್ದೇಶವೂ ಇಲ್ಲದೆ, ಮನುಷ್ಯನತ್ತ ಸಾಗುವ ಕವಲು ಒಡೆಯಿತು. ಇಂದು ಗೊರಿಲ್ಲಾಗಳ ಅಳಿವು ಉಳಿವು ನಮ್ಮ ಮರ್ಜಿಯಲ್ಲಿದೆ. ಈ ಕವಲು ಒಡೆದದ್ದು ಒಳ್ಳೆಯದಾಯಿತೇ ಎಂದು ಅವುಗಳನ್ನು ಕೇಳಲು ಸಾಧ್ಯವಾಗಿದ್ದರೆ ಅವು ಏನೆನ್ನುತ್ತಿದ್ದವು? ತಮಗಿಂತ ಹೆಚ್ಚು ಬುದ್ಧಿಯುಳ್ಳ ಯಂತ್ರಗಳ ನಡುವೆ ಮನುಷ್ಯರು ತಮ್ಮ ಸ್ವಾತಂತ್ರ್ಯವನ್ನು ಉಳಿಸಿಕೊಳ್ಳಬಲ್ಲರೇ ಎಂಬುದನ್ನೇ ರಸೆಲ್ 'ಗೊರಿಲ್ಲಾ ಸಮಸ್ಯೆ' ಎಂದು ಕರೆಯುತ್ತಾರೆ. ಭಾಗ ಚಿಕ್ಕದು, ಆದರೆ ಮನಸ್ಸಿನಲ್ಲಿ ನಿಲ್ಲುತ್ತದೆ. ಇಡೀ ಪುಸ್ತಕದಲ್ಲಿ ಹೆಚ್ಚು ಉಲ್ಲೇಖಗೊಳ್ಳುವ ಭಾಗಗಳಲ್ಲಿ ಇದೂ ಒಂದು. ನನ್ನ ಅಭಿಪ್ರಾಯದಲ್ಲಿ ಅತ್ಯಂತ ದುರ್ಬಲವಾದ ಭಾಗವೂ ಇದೇ.

ಗೊರಿಲ್ಲಾಗಳಿಗೆ ಕುತ್ತಾದದ್ದು ಯಾವುದು?

ಹೋಲಿಕೆ ಹೇಳುವಂತೆ ಕಾರಣ ಬುದ್ಧಿಯ ಅಂತರ. ನಮ್ಮ ಮಿದುಳು ದೊಡ್ಡದು, ಅವುಗಳದ್ದು ಚಿಕ್ಕದು, ಆದ್ದರಿಂದ ನಾವು ಮೇಲೆ, ಅವು ಕೆಳಗೆ. ಕೇಳಲು ಸರಿಯೆನಿಸುತ್ತದೆ. ಆದರೆ ಗೊರಿಲ್ಲಾಗಳ ನೆಲದಲ್ಲಿ ನಿಜವಾಗಿ ನಡೆದದ್ದೇನು ಎಂದು ವಿಚಾರಿಸಿ ನೋಡಿ.

ರುವಾಂಡಾ, ಉಗಾಂಡಾ ಮತ್ತು ಕಾಂಗೋ ಗಡಿಯ ವಿರುಂಗಾ ಪರ್ವತಗಳಲ್ಲಿ ಬೆಟ್ಟದ ಗೊರಿಲ್ಲಾಗಳಿವೆ. 1960ರ ದಶಕದ ಕೊನೆಯಲ್ಲಿ ರುವಾಂಡಾದ ಉದ್ಯಾನದಿಂದ ದೊಡ್ಡದೊಂದು ಭಾಗವನ್ನು ಬೇಸಾಯಕ್ಕೆ ಬಿಟ್ಟುಕೊಡಲಾಯಿತು. ಬೆಳೆದದ್ದು ಪೈರೆಥ್ರಮ್, ಕೀಟನಾಶಕ ತಯಾರಿಸಲು ಬಳಸುವ ಸೇವಂತಿಗೆ ಜಾತಿಯ ಹೂ. ಉಳಿದ ಕಾಡಿನಲ್ಲಿ ಚಿಕ್ಕ ಜಿಂಕೆಗಳನ್ನು ಹಿಡಿಯಲು ಸುತ್ತಲಿನ ಜನ ಉರುಲು ಒಡ್ಡುತ್ತಿದ್ದರು. ಗೊರಿಲ್ಲಾ ಮರಿಗಳ ಕೈಕಾಲು ಆ ಉರುಲುಗಳಿಗೆ ಸಿಕ್ಕಿ ಕೊಳೆಯುತ್ತಿದ್ದವು. 1980ರ ದಶಕದ ಆರಂಭದ ವೇಳೆಗೆ ವಿರುಂಗಾದಲ್ಲಿ ಉಳಿದಿದ್ದವು ಸುಮಾರು 250 ಮಾತ್ರ. ಗೊರಿಲ್ಲಾಗಳನ್ನೇ ಗುರಿಯಿಟ್ಟು ಕೊಂದವರೂ ಇದ್ದರು ಎಂಬುದನ್ನು ಮರೆಯುವಂತಿಲ್ಲ. ಆದರೆ ಹೂ ಬೆಳೆದವರು, ಜಿಂಕೆ ಹಿಡಿದವರು ಗೊರಿಲ್ಲಾವನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಇರಲಿಲ್ಲ.

ಕಾಂಗೋದ ಪೂರ್ವಭಾಗದಲ್ಲಿರುವ ಗ್ರೌವರ್ ಗೊರಿಲ್ಲಾಗಳ ಕಥೆ ನಮಗೆ ಇನ್ನೂ ಹತ್ತಿರದ್ದು. ಅಲ್ಲಿನ ಕಾಡುಗಳ ನೆಲದಲ್ಲಿ ಕೋಲ್ಟನ್ ಎಂಬ ಅದಿರು ಸಿಗುತ್ತದೆ. ಅದರಿಂದ ಬರುವ ಟ್ಯಾಂಟಲಮ್ ಲೋಹವನ್ನು ಮೊಬೈಲ್, ಗಣಕ ಮುಂತಾದವುಗಳ ಕೆಪಾಸಿಟರ್‌ಗಳಲ್ಲಿ ಬಳಸುತ್ತಾರೆ. ಯುದ್ಧದಿಂದ ಕಂಗೆಟ್ಟ ಆ ಪ್ರದೇಶದಲ್ಲಿ ಗಣಿ ಅಗೆಯಲು ಕಾಡಿಗೆ ಬಂದವರು ಹೊಟ್ಟೆಗೆ ಕಾಡುಮಾಂಸವನ್ನೇ ನೆಚ್ಚಿದರು. 1990ರ ದಶಕದ ಮಧ್ಯದಲ್ಲಿ ಸುಮಾರು 17,000 ಇದ್ದ ಈ ಗೊರಿಲ್ಲಾಗಳು 3,800ಕ್ಕೆ ಇಳಿದಿವೆ ಎಂದು 2016ರಲ್ಲಿ ಅಂದಾಜಿಸಲಾಯಿತು. 2021ರಲ್ಲಿ ಅಂದಾಜನ್ನು ಪರಿಷ್ಕರಿಸಿ 6,800 ಎಂದರು. ಪರಿಷ್ಕೃತ ಸಂಖ್ಯೆಯನ್ನು ಹಿಡಿದರೂ ಅರ್ಧಕ್ಕಿಂತ ಹೆಚ್ಚು ಹೋಗಿವೆ. ಇಲ್ಲಿ ಗೊರಿಲ್ಲಾಕ್ಕಿಂತ ಬುದ್ಧಿವಂತನಾಗಿ ಅದನ್ನು 'ಮೀರಿಸಿದವರು' ಯಾರು? ಗುದ್ದಲಿ ಹಿಡಿದ ಹಸಿದ ಗಣಿಗಾರನೇ? ಅಂಗಡಿಯಲ್ಲಿ ಫೋನ್ ಕೊಂಡ ನೀವೇ, ನಾನೇ? ಗೊರಿಲ್ಲಾವನ್ನು ಮುಗಿಸಿದ್ದು ಒಬ್ಬೊಬ್ಬರ ಜಾಣತನವಲ್ಲ, ಜಗತ್ತಿನ ಉದ್ದಗಲಕ್ಕೆ ಹಬ್ಬಿದ ಬೇಡಿಕೆಯ ಸರಪಳಿ. ಅದರ ಕೊಂಡಿಗಳಲ್ಲಿ ಯಾರಿಗೂ ಇಡೀ ಸರಪಳಿ ಕಾಣುವುದಿಲ್ಲ.

ಕಾಲದ ಲೆಕ್ಕವನ್ನೂ ಗಮನಿಸಿ. ನಮ್ಮ ಪ್ರಭೇದಕ್ಕೆ ಸುಮಾರು 3 ಲಕ್ಷ ವರ್ಷ ವಯಸ್ಸು. ಆ ಅವಧಿಯ ಬಹುಭಾಗ ಮನುಷ್ಯ ಮತ್ತು ಗೊರಿಲ್ಲಾ ಒಂದೇ ಖಂಡದಲ್ಲಿ ಇದ್ದರು, ಗೊರಿಲ್ಲಾಗಳು ಉಳಿದೇ ಇದ್ದವು. ಕಳೆದ ಒಂದೆರಡು ಶತಮಾನಗಳಲ್ಲಿ ನಮ್ಮ ಮಿದುಳು ದೊಡ್ಡದಾಗಿಲ್ಲ. 1800ರ ಸುಮಾರಿಗೆ 100 ಕೋಟಿ ಇದ್ದ ನಾವು 2022ರಲ್ಲಿ 800 ಕೋಟಿ ದಾಟಿದೆವು. ಜೊತೆಗೆ ಬಂದೂಕು, ರಸ್ತೆ, ಮಾರುಕಟ್ಟೆಗಳು ಬಂದವು. ಬುದ್ಧಿಯೊಂದನ್ನೇ ಚರಾಂಶ ಎಂದು ಹಿಡಿದರೆ ಈ ವಕ್ರರೇಖೆಯ ಏರಿಕೆಯನ್ನು ವಿವರಿಸಲಾಗದು.

ಇದಕ್ಕೆ ಒಂದು ಆಕ್ಷೇಪವಿದೆ, ಅದು ಹಗುರವಾದದ್ದೂ ಅಲ್ಲ. ಬಂದೂಕು, ಮಾರುಕಟ್ಟೆಗಳಿಲ್ಲದ ಕಾಲದಲ್ಲೂ ಮನುಷ್ಯ ಅನೇಕ ಪ್ರಾಣಿಗಳನ್ನು ಮುಗಿಸಿದ್ದಾನೆ. ನ್ಯೂಜಿಲೆಂಡಿನಲ್ಲಿ ಮೋವಾ ಎಂಬ ಹಾರಲಾರದ ಹಕ್ಕಿಗಳ ಒಂಬತ್ತು ಪ್ರಭೇದಗಳಿದ್ದವು. ಪಾಲಿನೇಸಿಯದ ಜನ ಅಲ್ಲಿ ನೆಲೆಸಿದ ಒಂದೆರಡು ಶತಮಾನಗಳೊಳಗೆ ಅವೆಲ್ಲವೂ ನಿರ್ನಾಮವಾದವು. ಹಾಗಿದ್ದರೂ ಅಲ್ಲಿ ಆಟ ಕೆಡಿಸಿದ್ದು ಮೋವಾಗಳ ದಡ್ಡತನ ಎನ್ನುವಂತಿಲ್ಲ. ಹೊಸ ಬೇಟೆಗಾರ ದಿಢೀರನೆ ಬಂದಿಳಿದ, ಹಕ್ಕಿಗಳ ವಂಶವೃದ್ಧಿ ನಿಧಾನವಾಗಿತ್ತು, ಹೊಂದಿಕೊಳ್ಳಲು ತಲೆಮಾರುಗಳ ಕಾಲಾವಕಾಶ ಸಿಗಲಿಲ್ಲ. ಬಂದ ವೇಗವೇ ಮುಖ್ಯವಾಯಿತು.

ಮಿದುಳಿಲ್ಲದ ಹಂತಕರು

ಇನ್ನೊಂದು ಕಡೆಯಿಂದಲೂ ಹೋಲಿಕೆಯನ್ನು ಪರೀಕ್ಷಿಸಬಹುದು. ಬುದ್ಧಿಯೇ ಅಪಾಯದ ಮೂಲವಾದರೆ ಬುದ್ಧಿ ಇಲ್ಲದವು ಇತರ ಪ್ರಭೇದಗಳನ್ನು ಅಳಿಸಬಾರದು. ಆದರೆ ಕಪ್ಪೆಗಳ ಚರ್ಮಕ್ಕೆ ತಗಲುವ ಕೈಟ್ರಿಡ್ ಶಿಲೀಂಧ್ರವನ್ನು ನೋಡಿ. ಅದರಿಂದ 501 ಉಭಯವಾಸಿ ಪ್ರಭೇದಗಳ ಸಂಖ್ಯೆ ಕುಸಿದಿದೆ, ಅವುಗಳಲ್ಲಿ 90 ಅಳಿದೇ ಹೋಗಿರಬಹುದು ಎಂದು 2019ರಲ್ಲಿ ಪ್ರಕಟವಾದ ಸಮೀಕ್ಷೆ ಹೇಳಿತು. ಮಿದುಳಿರಲಿ, ಒಂದು ನರಕೋಶವೂ ಈ ಜೀವಿಗೆ ಇಲ್ಲ. ಪೆಸಿಫಿಕ್ ಸಾಗರದ ಗ್ವಾಮ್ ದ್ವೀಪಕ್ಕೆ ಎರಡನೆಯ ಮಹಾಯುದ್ಧದ ನಂತರ ಸರಕಿನ ಜೊತೆ ಬಂದ ಕಂದು ಮರಹಾವು ಅಲ್ಲಿನ 12 ಅರಣ್ಯ ಪಕ್ಷಿಗಳಲ್ಲಿ 10ನ್ನು ಇಲ್ಲವಾಗಿಸಿತು. ಆ ಹಾವು ಬೇರೆ ಹಾವುಗಳಿಗಿಂತ ಜಾಣನೇನಲ್ಲ. ಇನ್ನೂ ಹಿಂದಕ್ಕೆ ಹೋದರೆ, ಸುಮಾರು 240 ಕೋಟಿ ವರ್ಷಗಳ ಹಿಂದೆ ವಾಯುಮಂಡಲಕ್ಕೆ ಆಕ್ಸಿಜನ್ ತುಂಬಿ ಭೂಮಿಯ ರಸಾಯನವನ್ನೇ ಬದಲಿಸಿದವು ಬರಿಯ ಸಯನೋಬ್ಯಾಕ್ಟೀರಿಯಗಳು.

ಈ ಉದಾಹರಣೆಗಳನ್ನು ಕೇಳಿ ಯಾರಾದರೂ 'ಹಾಗಾದರೆ ಬುದ್ಧಿವಂತ ಯಂತ್ರದಿಂದ ಭಯವಿಲ್ಲ' ಎಂದರೆ ಅದು ತಲೆಕೆಳಗಾದ ತೀರ್ಮಾನ. ಬುದ್ಧಿ ಬರುವವರೆಗೆ ಭಯವಿಲ್ಲ ಎನ್ನುವಂತಿಲ್ಲ ಎಂಬುದಷ್ಟೇ ಇವುಗಳಿಂದ ಹೊರಡುವ ತೀರ್ಮಾನ. ಗೊರಿಲ್ಲಾ ಹೋಲಿಕೆ ನಮ್ಮ ಕಣ್ಣನ್ನು ಮುಂದೆಂದೋ ದಾಟಬೇಕಾದ ಒಂದು ಗೆರೆಯ ಮೇಲೆ ನೆಡುತ್ತದೆ. ಯಂತ್ರ ನಮ್ಮನ್ನು ಮೀರಿಸುವ ದಿನ ಎಂದು ಬರುತ್ತದೆ, 2030ಕ್ಕೋ 2060ಕ್ಕೋ? ಚರ್ಚೆ ಇದರಲ್ಲೇ ಮುಗಿಯುತ್ತದೆ. ಗೆರೆಯ ಈಚೆಗಿನ ಯಂತ್ರಗಳು ನಿರಪಾಯ ಎಂಬ ಭಾವನೆ ಯಾರೂ ಹೇಳದೆಯೇ ಮನಸ್ಸಿನಲ್ಲಿ ಕೂತುಬಿಡುತ್ತದೆ.

ನ್ಯಾಯವಾಗಿ ಇಲ್ಲಿ ರಸೆಲ್ ಪರವಾಗಿಯೂ ಒಂದು ಮಾತು ಹೇಳಬೇಕು. ಶಿಲೀಂಧ್ರ ಉಭಯವಾಸಿಗಳನ್ನಷ್ಟೇ ಕೊಲ್ಲುತ್ತದೆ. ಹಾವಿನ ಹಾವಳಿ ಒಂದು ದ್ವೀಪಕ್ಕೆ ಸೀಮಿತ. ತಿಮಿಂಗಿಲದಿಂದ ಹಿಡಿದು ಹದ್ದಿನವರೆಗೆ, ಹಿಮಪ್ರದೇಶದಿಂದ ಹಿಡಿದು ಹವಳದ ದಿಬ್ಬದವರೆಗೆ ಎಲ್ಲವನ್ನೂ ಒಮ್ಮೆಗೇ ತಟ್ಟಿದ ಪ್ರಾಣಿ ಮನುಷ್ಯನೊಬ್ಬನೇ. ಅಷ್ಟೇಕೆ, ಆ ಶಿಲೀಂಧ್ರ ಮತ್ತು ಹಾವು ದೂರದ ನೆಲಗಳನ್ನು ಮುಟ್ಟಿದ್ದೂ ಮನುಷ್ಯನ ಸಾಗಾಟದಿಂದಲೇ. ಈ ಸರ್ವವ್ಯಾಪಿತ್ವದ ಹಿಂದೆ ಬುದ್ಧಿ ಇದೆ, ಭಾಷೆ ಇದೆ, ಕಲಿತದ್ದನ್ನು ಕೂಡಿಡುವ ಸಾಮರ್ಥ್ಯ ಇದೆ. ಇದನ್ನು ಒಪ್ಪದೆ ಗೊರಿಲ್ಲಾ ಹೋಲಿಕೆಯನ್ನು ತಳ್ಳಿಹಾಕಿದರೆ ಅದು ವಿಮರ್ಶೆಯಾಗದು. ಬುದ್ಧಿ ಹಾನಿಯ ಹರವನ್ನು ಹೆಚ್ಚಿಸುತ್ತದೆ, ನಿಜ. ಹಾನಿ ಹೇಗೆ ಆಗುತ್ತದೆ ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ.

ರಣಹದ್ದಿನ ಪಾಠ

ಅದನ್ನು ಹೇಳುವ ಪ್ರಕರಣ ನಮ್ಮ ಉಪಖಂಡದಲ್ಲೇ ನಡೆದಿದೆ. ಒಬ್ಬ ಅಧ್ಯಾಪಕ ಅಥವಾ ವಿದ್ಯಾರ್ಥಿ ಈ ವಿಷಯಕ್ಕೆ ಒಂದೇ ಒಂದು ಉದಾಹರಣೆ ಆರಿಸಿಕೊಳ್ಳಬೇಕಿದ್ದರೆ ಗೊರಿಲ್ಲಾವನ್ನು ಬಿಟ್ಟು ರಣಹದ್ದನ್ನು ಆರಿಸಿಕೊಳ್ಳಲಿ ಎನ್ನುತ್ತೇನೆ.

1980ರ ದಶಕದಲ್ಲಿ ಭಾರತದಲ್ಲಿ ರಣಹದ್ದುಗಳು ಲಕ್ಷಗಟ್ಟಲೆ ಇದ್ದವು. ಊರ ಹೊರಗೆ ಎಸೆದ ದನದ ಕಳೇಬರವನ್ನು ಗುಂಪಾಗಿ ಬಂದು ಗಂಟೆಗಳೊಳಗೆ ಎಲುಬಿನ ಹಂದರವಾಗಿಸುತ್ತಿದ್ದವು. 1990ರ ದಶಕದ ಉತ್ತರಾರ್ಧದಲ್ಲಿ ರಾಜಸ್ಥಾನದ ಭರತಪುರದ ಕೇವಲಾದೇವ್ ಉದ್ಯಾನದಲ್ಲಿ ವಿಭು ಪ್ರಕಾಶ್ ಅವುಗಳ ಗೂಡುಗಳನ್ನು ಎಣಿಸಿದಾಗ ಸಂಖ್ಯೆ ಕುಸಿದಿತ್ತು. ಕುಸಿತ ಎಂದು ಖಚಿತವಾಗಿ ಹೇಳಲು ಸಾಧ್ಯವಾದದ್ದೇಕೆ ಗೊತ್ತೇ? 1980ರ ದಶಕದ ಮಧ್ಯದಲ್ಲೇ ಅವರು ಅಲ್ಲಿ ಒಂದು ಎಣಿಕೆ ಮಾಡಿಟ್ಟಿದ್ದರು. ಸರ್ವಸಾಮಾನ್ಯವಾದ, ಯಾರೂ ಕುತೂಹಲದಿಂದ ನೋಡದ ಹಕ್ಕಿಯನ್ನು ಅಂದು ಎಣಿಸಿಡದಿದ್ದರೆ ಹೋಲಿಸಲು ಏನೂ ಇರುತ್ತಿರಲಿಲ್ಲ.

ಕುಸಿತದ ಪ್ರಮಾಣ ನಂಬಲಾಗದಂಥದ್ದು. ಬಿಳಿಬೆನ್ನಿನ ರಣಹದ್ದು 1992ರಿಂದ 2007ರ ನಡುವೆ ಭಾರತದಲ್ಲಿ ಶೇ. 99.9ರಷ್ಟು ಇಳಿಯಿತು. ಸಾವಿರ ಇದ್ದಲ್ಲಿ ಒಂದು! ಉದ್ದಕೊಕ್ಕಿನ ಮತ್ತು ತೆಳುಕೊಕ್ಕಿನ ಪ್ರಭೇದಗಳೂ ಶೇ. 97ರ ಸುಮಾರಿಗೆ ಇಳಿದವು. ಮೊದಲ ಗುಮಾನಿ ಬಿದ್ದದ್ದು ಯಾವುದೋ ವೈರಸ್ ಮೇಲೆ. ಸತ್ತ ಹಕ್ಕಿಗಳ ಒಳ ಅಂಗಗಳ ಮೇಲೆ ಯೂರಿಕ್ ಆಮ್ಲದ ಬಿಳಿ ಲೇಪ ಕಾಣುತ್ತಿತ್ತು, ಅಂದರೆ ಮೂತ್ರಪಿಂಡಗಳು ಕೆಟ್ಟಿದ್ದವು. ವೈರಸ್ ಮಾತ್ರ ಸಿಗಲೇ ಇಲ್ಲ.

ಉತ್ತರ ಬಂದದ್ದು ಪಾಕಿಸ್ತಾನದಿಂದ. ಅಲ್ಲಿ ಕೆಲಸ ಮಾಡುತ್ತಿದ್ದ ಲಿಂಡ್ಸೇ ಓಕ್ಸ್ ಅವರ ತಂಡ ಪ್ರಶ್ನೆಯನ್ನೇ ತಿರುಗಿಸಿ ಕೇಳಿತು. ರಣಹದ್ದಿನ ಆಹಾರ ದನದ ಕಳೇಬರವಷ್ಟೆ, ಹಾಗಾದರೆ ಆ ದನದ ಮೈಯಲ್ಲಿ ಏನಿದೆ? ಪಶುವೈದ್ಯರನ್ನೂ ಔಷಧಿ ಅಂಗಡಿಯವರನ್ನೂ ವಿಚಾರಿಸಿದಾಗ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲ ಒಂದು ನೋವುನಿವಾರಕ ಕಣ್ಣಿಗೆ ಬಿತ್ತು. ಅದೇ ಡೈಕ್ಲೊಫೆನಾಕ್. ಮೂತ್ರಪಿಂಡ ಕೆಟ್ಟು ಸತ್ತ 25 ಹಕ್ಕಿಗಳನ್ನು ಪರೀಕ್ಷಿಸಿದರೆ 25ರಲ್ಲೂ ಅದು ಇತ್ತು. ಬೇರೆ ಕಾರಣಗಳಿಂದ ಸತ್ತ 13ರಲ್ಲಿ ಒಂದರಲ್ಲೂ ಇರಲಿಲ್ಲ. 2004ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಹೋಲಿಕೆಯ ಗುಂಪು ಎಂದರೇನು, ಅದೇಕೆ ಬೇಕು ಎಂದು ತರಗತಿಯಲ್ಲಿ ವಿವರಿಸಲು ಇದಕ್ಕಿಂತ ಚೊಕ್ಕ ನಿದರ್ಶನ ಸಿಗುವುದು ಕಷ್ಟ.

ಇನ್ನೊಂದು ಲೆಕ್ಕ ಇದಕ್ಕಿಂತಲೂ ಬೆರಗು ಹುಟ್ಟಿಸುತ್ತದೆ. ಇಂಥ ಕುಸಿತಕ್ಕೆ ಎಷ್ಟು ಕಳೇಬರಗಳಲ್ಲಿ ಮಾರಕ ಪ್ರಮಾಣದ ಔಷಧಿ ಇರಬೇಕು? ಅರ್ಧದಷ್ಟೇ, ಕಾಲುಭಾಗವೇ? ಗಣಿತ ಮಾದರಿ ಕೊಟ್ಟ ಉತ್ತರ ಶೇ. 1ಕ್ಕಿಂತ ಕಡಿಮೆ. ನೂರಾರು ಕಳೇಬರಗಳಲ್ಲಿ ಒಂದೇ ಒಂದು ಸಾಕು. ರಣಹದ್ದುಗಳು ಗುಂಪಿನಲ್ಲಿ ಉಣ್ಣುತ್ತವೆ, ಒಂದು ಊಟಕ್ಕೆ ಹಲವಾರು ಹಕ್ಕಿಗಳು ಬಲಿ. ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ, ನಷ್ಟ ತುಂಬುವುದಿಲ್ಲ. ಶೇ. 99ರಷ್ಟು ಸುರಕ್ಷಿತ ಎಂದು ನಾವು ಸಮಾಧಾನಪಟ್ಟುಕೊಳ್ಳುವ ವ್ಯವಸ್ಥೆಯಲ್ಲೇ ಒಂದು ಪ್ರಭೇದ ಮುಗಿಯಬಹುದು.

ಭಾರತ ಸರ್ಕಾರ 2006ರಲ್ಲಿ ಡೈಕ್ಲೊಫೆನಾಕ್‌ನ ಪಶುಬಳಕೆಯನ್ನು ನಿಷೇಧಿಸಿತು. ಬದಲಿಗೆ ಮೆಲಾಕ್ಸಿಕಾಮ್ ಎಂಬ ಔಷಧಿ ಇತ್ತು, ಅದು ಹದ್ದುಗಳಿಗೆ ಹಾನಿಕರವಲ್ಲ ಎಂದು ಪರೀಕ್ಷಿಸಿ ನೋಡಲಾಗಿತ್ತು. ಆದರೂ ಮನುಷ್ಯರಿಗೆಂದು ಮಾರುವ ದೊಡ್ಡ ಸೀಸೆಗಳು ದನಗಳಿಗೆ ಬಳಕೆಯಾಗುತ್ತಲೇ ಇದ್ದವು. 2015ರಲ್ಲಿ ಅವನ್ನೂ ನಿರ್ಬಂಧಿಸಬೇಕಾಯಿತು. ಹದ್ದುಗಳಿಗೆ ಮಾರಕವಾದ ಕೀಟೊಪ್ರೊಫೆನ್ ಮತ್ತು ಅಸಿಕ್ಲೊಫೆನಾಕ್‌ಗಳ ಪಶುಬಳಕೆಗೆ ನಿಷೇಧ ಬಂದದ್ದು 2023ರಲ್ಲಿ. ನಮ್ಮ ರಾಮನಗರದ ರಾಮದೇವರ ಬೆಟ್ಟದ ಬಂಡೆಗಳಲ್ಲಿ ಗೂಡು ಕಟ್ಟುವ ಉದ್ದಕೊಕ್ಕಿನ ರಣಹದ್ದುಗಳಿಗಾಗಿ 2012ರಲ್ಲಿ ಧಾಮ ಘೋಷಣೆಯಾಯಿತು. ಅಷ್ಟರೊಳಗೆ ಅಲ್ಲಿ ಉಳಿದಿದ್ದವು ಬೆರಳೆಣಿಕೆಯಷ್ಟು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಕಳೇಬರಗಳು ಕೊಳೆತವು, ಬೀದಿನಾಯಿಗಳು ಹೆಚ್ಚಿದವು, ನೀರು ಮಲಿನಗೊಂಡಿತು. ಪಾರ್ಸಿಗಳ ಅಂತ್ಯವಿಧಿಯೇ ತೊಡಕಿಗೆ ಸಿಕ್ಕಿತು. ಹದ್ದುಗಳು ಹೋದ ಜಿಲ್ಲೆಗಳಲ್ಲಿ 2000ದಿಂದ 2005ರ ನಡುವೆ ಸುಮಾರು 5 ಲಕ್ಷ ಹೆಚ್ಚುವರಿ ಮಾನವ ಸಾವುಗಳು ಸಂಭವಿಸಿದವು ಎಂದು ಅರ್ಥಶಾಸ್ತ್ರಜ್ಞರಾದ ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂದಾಜಿಸಿದ್ದಾರೆ.

ಇದನ್ನು ಯಂತ್ರಗಳ ಕಡೆಗೆ ತಿರುಗಿಸಿ ನೋಡಿ. ಡೈಕ್ಲೊಫೆನಾಕ್ ಕೊಟ್ಟ ರೈತನ ಉದ್ದೇಶ ದನದ ನೋವು ಕಳೆಯುವುದು. ಒಳ್ಳೆಯ ಉದ್ದೇಶ, ಈಡೇರಿತು ಕೂಡ. ಔಷಧಿ ಅಗ್ಗವಾಗಿತ್ತು, ಹಾಗಾಗಿ ಒಂದೇ ಅಣು ಉಪಖಂಡದಾದ್ಯಂತ ಕೆಲವೇ ವರ್ಷಗಳಲ್ಲಿ ಹರಡಿತು. ಅದನ್ನು ಪರೀಕ್ಷಿಸಿದವರ ಪಟ್ಟಿಯಲ್ಲಿ ರಣಹದ್ದು ಇರಲಿಲ್ಲ. ಹಾನಿ ಬಳಸಿದವನ ಕಣ್ಣಿಗೆ ಬೀಳುವಂತೆ ಆಗಲಿಲ್ಲ, ಮೈಲಿಗಳಾಚೆ, ದಿನಗಳ ನಂತರ ಆಯಿತು. ಇಲ್ಲಿ ಯಾರೂ ಯಾರನ್ನೂ ಬುದ್ಧಿಯಲ್ಲಿ ಸೋಲಿಸಲಿಲ್ಲ. ಸಂಕುಚಿತವಾದ ಗುರಿ, ಎಲ್ಲೆಡೆ ಒಂದೇ ಬಗೆಯ ಸಾಧನ, ತಡವಾಗಿ ಕಾಣುವ ಪರಿಣಾಮ, ಇಷ್ಟೇ ಸಾಕಾಯಿತು. ಕೋಟ್ಯಂತರ ಜನ ಬಳಸುವ ಒಂದೇ ತಂತ್ರಾಂಶ ಯಾವುದೋ ಒಂದು ಅಳತೆಯನ್ನು ಹೆಚ್ಚಿಸುವ ಗುರಿ ಇಟ್ಟುಕೊಂಡು ದುಡಿಯುತ್ತಿರುವಾಗ ಈ ಮೂರೂ ಲಕ್ಷಣಗಳು ಈಗಾಗಲೇ ಇವೆ. ಯಂತ್ರ ಐನ್‌ಸ್ಟೈನ್ ಆಗುವವರೆಗೆ ಕಾಯಬೇಕಾಗಿಲ್ಲ.

ವಿಭು ಪ್ರಕಾಶ್ ಅವರ ಹಳೆಯ ಎಣಿಕೆಯನ್ನು ಮತ್ತೆ ನೆನಪಿಸಿಕೊಳ್ಳಿ. ವಿದ್ಯಾರ್ಥಿಗಳು ಚಾಟ್‌ಜಿಪಿಟಿಯಂಥ ಸಾಧನಗಳನ್ನು ಬಳಸತೊಡಗುವ ಮುನ್ನ ತಾವೇ ಪ್ರಬಂಧ ಹೇಗೆ ಬರೆಯುತ್ತಿದ್ದರು, ಒಂದು ಲೆಕ್ಕಕ್ಕೆ ಎಷ್ಟು ಹೊತ್ತು ಅಂಟಿಕೊಂಡು ಕೂರುತ್ತಿದ್ದರು ಎಂಬುದರ ದಾಖಲೆ ನಿಮ್ಮ ಶಾಲೆಯಲ್ಲಿ ಇದೆಯೇ? ಹಳೆಯ ಉತ್ತರಪತ್ರಿಕೆಗಳನ್ನು ರದ್ದಿಗೆ ಹಾಕುವ ಮುನ್ನ ಒಂದಷ್ಟನ್ನು ತೆಗೆದಿಡುವುದು ವಾಸಿ.

ರೋಗ ಒಂದು, ಮದ್ದು ಇನ್ನೊಂದು

ಈಗ ಪುಸ್ತಕಕ್ಕೆ ಮರಳೋಣ. ಸ್ವಾರಸ್ಯವೆಂದರೆ ರಸೆಲ್ ಗೊರಿಲ್ಲಾದ ಹತ್ತಿರ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅದೇ ಅಧ್ಯಾಯದಲ್ಲಿ ಮೈಡಾಸ್ ರಾಜನ ಕಥೆಗೆ ಹೋಗುತ್ತಾರೆ. ಮುಟ್ಟಿದ್ದೆಲ್ಲ ಚಿನ್ನವಾಗಲಿ ಎಂದು ಬೇಡಿದವನಿಗೆ ಊಟವೂ ಚಿನ್ನವಾಯಿತು. ನಮ್ಮ ಭಸ್ಮಾಸುರನೂ ಇದೇ ಜಾತಿಯವನೇ. ಗಣಕಗಳು ಶೈಶವದಲ್ಲಿದ್ದ 1960ರಲ್ಲೇ ಗಣಿತಜ್ಞ ನಾರ್ಬರ್ಟ್ ವೀನರ್, ಯಂತ್ರಕ್ಕೆ ನಾವು ಕೊಡುವ ಗುರಿ ನಮಗೆ ನಿಜವಾಗಿ ಬೇಕಾದದ್ದೇ ಎಂದು ಖಚಿತಪಡಿಸಿಕೊಳ್ಳಬೇಕೆಂದು ಎಚ್ಚರಿಸಿದ್ದರು. ರಸೆಲ್ ಒಂದು ಕಲ್ಪಿತ ಉದಾಹರಣೆ ಕೊಡುತ್ತಾರೆ. ಸಾಗರಗಳ ಆಮ್ಲೀಯತೆಯನ್ನು ತಗ್ಗಿಸು ಎಂದು ಯಂತ್ರಕ್ಕೆ ಹೇಳಿದರೆ ಅದು ಯಶಸ್ವಿಯಾಗಿ ತಗ್ಗಿಸುತ್ತದೆ, ಆ ಕ್ರಿಯೆಯಲ್ಲಿ ವಾಯುಮಂಡಲದ ಆಕ್ಸಿಜನ್ನಿನ ನಾಲ್ಕನೆಯ ಒಂದು ಭಾಗ ಖರ್ಚಾಗಿಬಿಡುತ್ತದೆ! ಕಲ್ಪನೆಗೆ ಹೋಗಬೇಕಾಗಿಯೇ ಇರಲಿಲ್ಲ, ಡೈಕ್ಲೊಫೆನಾಕ್ ಇತ್ತು. ಒಬ್ಬ ಒಳ್ಳೆಯ ಲೇಖಕ ಕೈಯಳತೆಯ ದೂರದಲ್ಲಿದ್ದ ನಿಜಘಟನೆಯನ್ನು ಬಿಟ್ಟು ಕಾಲ್ಪನಿಕವನ್ನು ಹಿಡಿದದ್ದು ನನಗೆ ಕೊಂಚ ಬೇಸರ ತರಿಸಿತು.

ಪುಸ್ತಕದ ತಿರುಳಿರುವುದು ಏಳು ಮತ್ತು ಎಂಟನೆಯ ಅಧ್ಯಾಯಗಳಲ್ಲಿ. ಅಲ್ಲಿ ಮೂರು ಸೂತ್ರಗಳಿವೆ. ಮನುಷ್ಯರ ಇಷ್ಟಗಳನ್ನು ಈಡೇರಿಸುವುದೊಂದೇ ಯಂತ್ರದ ಗುರಿ, ಆ ಇಷ್ಟಗಳು ಏನೆಂದು ಆರಂಭದಲ್ಲಿ ಯಂತ್ರಕ್ಕೆ ಖಚಿತವಾಗಿ ತಿಳಿದಿರಬಾರದು, ಮನುಷ್ಯರ ನಡವಳಿಕೆಯಿಂದಲೇ ಅದು ಅವನ್ನು ಕಲಿಯಬೇಕು. ಎರಡನೆಯ ಸೂತ್ರ ನಿಜಕ್ಕೂ ಸೊಗಸಾದದ್ದು. ತನ್ನ ಗುರಿಯ ಬಗ್ಗೆ ಯಂತ್ರಕ್ಕೆ ಸಂದೇಹವಿದ್ದರೆ, ಮನುಷ್ಯ ಅದನ್ನು ಆರಿಸಲು ಬಂದಾಗ 'ನಾನೇನೋ ತಪ್ಪು ಮಾಡಲಿದ್ದೆ ಎಂದು ಇವರಿಗೆ ತಿಳಿದಿರಬೇಕು' ಎಂದು ಅದು ಸುಮ್ಮನಾಗುತ್ತದೆ. ಗುರಿಯ ಬಗ್ಗೆ ಪೂರ್ಣ ಖಾತ್ರಿ ಇರುವ ಯಂತ್ರಕ್ಕೆ ಸುಮ್ಮನಾಗಲು ಯಾವ ಕಾರಣವೂ ಇಲ್ಲ. ಹ್ಯಾರಿಯೆಟ್ ಎಂಬ ಮಹಿಳೆ ಮತ್ತು ರಾಬಿ ಎಂಬ ರೋಬಾಟ್ ನಡುವಿನ ಆಟವಾಗಿ ರಸೆಲ್ ಇದನ್ನು ಸರಳ ಗಣಿತದಲ್ಲಿ ತೋರಿಸುತ್ತಾರೆ.

ಆದರೆ ನೋಡಿ, ಈ ಮದ್ದು ಮೈಡಾಸ್ ರೋಗಕ್ಕೆ. ಬುದ್ಧಿಯ ಅಂತರವನ್ನು ಇದು ಕಡಿಮೆ ಮಾಡುವುದಿಲ್ಲ. ಕಡಿಮೆ ಮಾಡುವುದು ಗುರಿಯ ಕುರುಡುತನವನ್ನು. ಅಂದರೆ ರಸೆಲ್ ಚಿಕಿತ್ಸೆ ಮಾಡುತ್ತಿರುವುದು ರಣಹದ್ದಿನ ಸಮಸ್ಯೆಗೆ, ಹೆಸರು ಮಾತ್ರ ಗೊರಿಲ್ಲಾದ್ದು. ಅವರ ಎರಡನೆಯ ಸೂತ್ರವನ್ನು ಔಷಧಿ ಪರವಾನಗಿಗೆ ಅನ್ವಯಿಸಿದರೆ, 'ಈ ದನವನ್ನು ಮುಂದೆ ಯಾರು ತಿನ್ನುತ್ತಾರೆ ಎಂದು ನಮಗೆ ಪೂರ್ತಿ ಗೊತ್ತಿಲ್ಲ' ಎಂದು ಮೊದಲೇ ಒಪ್ಪಿಕೊಂಡು ಪರೀಕ್ಷೆಯನ್ನು ವಿಸ್ತರಿಸಿದಂತೆ.

ಕೊರತೆ ಇನ್ನೊಂದೆಡೆ ಇದೆ. ಹ್ಯಾರಿಯೆಟ್‌ಗೆ ಒಬ್ಬಳೇ ರಾಬಿ, ರಾಬಿಗೆ ಒಬ್ಬಳೇ ಹ್ಯಾರಿಯೆಟ್. ನಿಜ ಜೀವನದಲ್ಲಿ ರಾಬಿಯನ್ನು ತಯಾರಿಸುವುದು ಒಂದು ಕಂಪನಿ, ಅದಕ್ಕೆ ಲಾಭದ ಗುರಿ. ಕೊಳ್ಳುವವರು ಬೇರೆ, ಪರಿಣಾಮ ಉಣ್ಣುವವರು ಇನ್ನೂ ಬೇರೆ. ರಣಹದ್ದು ಔಷಧಿ ಅಂಗಡಿಯ ಗಿರಾಕಿಯಾಗಿರಲಿಲ್ಲ. ಮನುಷ್ಯರು ಹಲವರು, ಅವರ ಇಷ್ಟಗಳು ಪರಸ್ಪರ ವಿರುದ್ಧ ಎಂಬುದನ್ನು ರಸೆಲ್ ಒಂಬತ್ತನೆಯ ಅಧ್ಯಾಯದಲ್ಲಿ ಪ್ರಾಮಾಣಿಕವಾಗಿ ಎತ್ತಿಕೊಳ್ಳುತ್ತಾರೆ. ಹತ್ತನೆಯದರಲ್ಲಿ ನಿಯಂತ್ರಣದ ಮಾತೂ ಇದೆ. ಆದರೆ ಗಣಿತದಲ್ಲಿ ಕಾಣುವ ನಿಖರತೆ ಅಲ್ಲಿಲ್ಲ. ನಿಷೇಧದ ನಂತರವೂ ದೊಡ್ಡ ಸೀಸೆಗಳು ಹೇಗೆ ದನದ ಕೊಟ್ಟಿಗೆ ಸೇರಿದವು ಎಂಬಂಥ ಪ್ರಶ್ನೆಗಳಿಗೆ ಈ ಪುಸ್ತಕದಲ್ಲಿ ಉತ್ತರ ಹುಡುಕಬೇಡಿ.

ಪುಸ್ತಕಕ್ಕೆ ಈಗ ವಯಸ್ಸೂ ಆಗಿದೆ. ಅದು ಬಂದದ್ದು 2019ರಲ್ಲಿ, ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರಿನಲ್ಲಿ. ರಸೆಲ್ ಕಲ್ಪಿಸುವ ಯಂತ್ರಕ್ಕೆ ಸ್ಪಷ್ಟವಾಗಿ ಬರೆದ ಗುರಿಯೊಂದು ಇರುತ್ತದೆ. ಇಂದಿನ ಭಾಷಾ ಮಾದರಿಗಳು ಮುಂದಿನ ಪದವನ್ನು ಊಹಿಸಲು ತರಬೇತಿ ಪಡೆದು, ಅನಂತರ ಮನುಷ್ಯರ ಮೆಚ್ಚುಗೆಯ ಆಧಾರದ ಮೇಲೆ ತಿದ್ದಿಸಿಕೊಂಡವು. ಅವುಗಳೊಳಗೆ ಯಾವ ಗುರಿ ರೂಪುಗೊಂಡಿದೆ ಎಂಬುದು ತಯಾರಿಸಿದವರಿಗೂ ಪೂರ್ತಿ ತಿಳಿಯದು. ಇಲ್ಲಿ ಗೊರಿಲ್ಲಾ ಹೋಲಿಕೆಯ ಒಂದು ಎಳೆ ಮತ್ತೆ ಜೀವ ಪಡೆಯುತ್ತದೆ. ಗೊರಿಲ್ಲಾಗಳ ಪೂರ್ವಜರು ನಮ್ಮನ್ನು ವಿನ್ಯಾಸ ಮಾಡಲಿಲ್ಲ, ನಾವು ಯಂತ್ರಗಳನ್ನು ವಿನ್ಯಾಸ ಮಾಡುತ್ತೇವೆ ಎಂಬುದು ಆ ಹೋಲಿಕೆಗೆ ಸಾಮಾನ್ಯವಾಗಿ ಕೊಡುವ ಉತ್ತರ. ಅರ್ಧ ವಿನ್ಯಾಸ, ಅರ್ಧ ತಾನಾಗಿ ಬೆಳೆದದ್ದು ಎಂಬ ಸ್ಥಿತಿಯಲ್ಲಿ ಆ ಉತ್ತರಕ್ಕೆ ಮೊದಲಿನ ಬಲ ಇಲ್ಲ. ಆದರೂ ಒಂದು ವ್ಯತ್ಯಾಸ ಉಳಿದೇ ಇದೆ. ನಾವು ಯಂತ್ರವನ್ನು ಬಿಡುಗಡೆಗೆ ಮುನ್ನ ಪರೀಕ್ಷಿಸಬಹುದು, ತಡೆಹಿಡಿಯಬಹುದು. ಗೊರಿಲ್ಲಾಗಳಿಗೆ ಆ ಅವಕಾಶ ಇರಲಿಲ್ಲ.

ಬೆಟ್ಟದ ಗೊರಿಲ್ಲಾಗಳ ಮುಂದಿನ ಕಥೆಯನ್ನು ಹೋಲಿಕೆ ಬಳಸುವವರು ಹೇಳುವುದು ಕಡಿಮೆ. ಕಾವಲುಗಾರರು ಉರುಲುಗಳನ್ನು ಕಿತ್ತರು, ಪಶುವೈದ್ಯರು ಕಾಡಿಗೇ ಹೋಗಿ ಗಾಯಗಳಿಗೆ ಮದ್ದು ಮಾಡಿದರು, ಪ್ರವಾಸಿಗಳ ಹಣ ಸುತ್ತಲಿನ ಹಳ್ಳಿಗಳಿಗೂ ತಲುಪಿತು. 2015–16ರ ಗಣತಿಯಲ್ಲಿ ವಿರುಂಗಾದಲ್ಲಿ 604 ಸಿಕ್ಕವು. ಉಗಾಂಡಾದ ಬ್ವಿಂಡಿ ಕಾಡಿನವನ್ನೂ ಸೇರಿಸಿದರೆ ಈಗ ಸಾವಿರ ದಾಟಿವೆ. 2018ರಲ್ಲಿ ಅವುಗಳನ್ನು 'ತೀವ್ರ ಅಪಾಯ'ದ ಪಟ್ಟಿಯಿಂದ ಒಂದು ಮೆಟ್ಟಿಲು ಕೆಳಗಿಳಿಸಲಾಯಿತು. ನಮ್ಮ ಮತ್ತು ಅವುಗಳ ಬುದ್ಧಿಯ ಅಂತರ ಈ ನಲವತ್ತು ವರ್ಷಗಳಲ್ಲಿ ಕೂದಲೆಳೆಯಷ್ಟೂ ಬದಲಾಗಿಲ್ಲ. ಕಾವಲುಗಾರರಲ್ಲಿ ಹಲವರು ಇದಕ್ಕಾಗಿ ಜೀವ ತೆತ್ತಿದ್ದಾರೆ.

ಇಷ್ಟೆಲ್ಲ ಆಕ್ಷೇಪಗಳಿದ್ದರೂ ಪುಸ್ತಕ ಓದತಕ್ಕದ್ದೇ. ಇಂಗ್ಲಿಷ್ ತಿಳಿಯಾಗಿದೆ, ಹಾಸ್ಯವೂ ಇದೆ. ಪದವಿಪೂರ್ವ ತರಗತಿಗಳಿಗೆ ಪಾಠ ಮಾಡುವವರು ಕೊನೆಯಿಂದ ಆರಂಭಿಸಿದರೂ ನಡೆಯುತ್ತದೆ. ಅಲ್ಲಿ ನಾಲ್ಕು ಅನುಬಂಧಗಳಿವೆ. ಪರಿಹಾರಕ್ಕಾಗಿ ಹುಡುಕಾಟ, ತರ್ಕ, ಸಂಭಾವ್ಯತೆ, ಅನುಭವದಿಂದ ಕಲಿಕೆ ಇವು ಯಂತ್ರದಲ್ಲಿ ಹೇಗೆ ನಡೆಯುತ್ತವೆ ಎಂಬುದರ ಕಿರು ಪರಿಚಯ. ಸಂಭಾವ್ಯತೆಯ ಅನುಬಂಧವನ್ನು ಓದಿ ಮುಗಿಸಿದವರಿಗೆ ಎಂಟನೆಯ ಅಧ್ಯಾಯದ ಹ್ಯಾರಿಯೆಟ್ ಮತ್ತು ರಾಬಿಯ ಲೆಕ್ಕ ಸುಲಭವಾಗುತ್ತದೆ. ಅದನ್ನು ಕರಿಹಲಗೆಯ ಮೇಲೆ ಒಂದೇ ತರಗತಿಯಲ್ಲಿ ಮಾಡಿ ತೋರಿಸಬಹುದು.